ಒಳಗೆ ಬಿಟ್ಟ ಬಟ್ಟೆ

ಗಡಿಯಾರ ಬರೀರಿ ಅಂದ್ರು ಡಾಕ್ಟರು,
ಹನ್ನೊಂದು ಹತ್ತಕ್ಕೆ ಮುಳ್ಳು ಇಡ್ರಿ.
ದುಂಡಗೆ ಬರೆದೆ. ಕೈ ಅಲ್ಲಿಗೆ ನಿಲ್ಲಲಿಲ್ಲ,
ಅದಕ್ಕೊಂದು ತೋಳು ಜೋಡಿಸಿತು.
ಮೂವತ್ತೆಂಟು ವರ್ಷ ದುಂಡಗೆ ಬರೆದದ್ದೆಲ್ಲ
ರವಿಕೆಯ ಕಂಕುಳೇ ತಾನೆ ಅಂತ ನಕ್ಕೆ.
ಅವರು ನಗಲಿಲ್ಲ.
ವನಜಾಕ್ಷಿ ಟಿಕೆಟ್ ಮಿಷನ್ನಿನ ಚೀಲ ಹಿಡಕೊಂಡೇ ನಿಂತಿದ್ಲು,
ಹರಿಹರದ ಟ್ರಿಪ್ಪು ತಪ್ಪಿಸಿ ಬಂದವಳು.

ಡಿಮೆನ್ಷಿಯಾ ಅಂತೆ.
ಚೌಕಿಪೇಟೆಗೆ ಹೊಸ ಸೀರೆ ಬಂದಂಗೈತೆ ಹೆಸರು,
ಒಗೆದಂಗೆಲ್ಲ ಬಣ್ಣ ಬಿಡೋ ಜಾತಿ.

ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ.
ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ.
ಡಬ್ಬಿ ಎಣಿಸಿದೆ, ಸುಮ್ಮನೆ, ಪರೀಕ್ಷೆಗೆ:
ನಲವತ್ತೊಂದು.
ಅವಳೂ ಒಳಗೊಳಗೆ ಎಣಿಸಿದ್ಲಂತೆ, ನಲವತ್ತಮೂರು.
ಯಾರದು ಸರಿ ಅಂತ ನೋಡೋಕೆ
ರೈಲು ಹೋಗಿಬಿಟ್ಟಿತ್ತು.

ಮಂಗಳವಾರ ಅಂಗಡಿ ಬಾಗಿಲು ಅರ್ಧ ಎಳೆದು
ಮುಬೀನಾನ ಕೂರಿಸಿಕೊಂಡೆ.
ಪುಸ್ತಕದಲ್ಲಿರೋದು ಅಳತೆ ಮಾತ್ರ,
ಇಲ್ಲದ್ದನ್ನ ಹೇಳ್ತೀನಿ, ಬರಕೋ.
ಚನ್ನಬಸವ್ವಗೆ ಎಡಭುಜ ಇಳಿಜಾರು,
ಅವಳಿಗೆ ಹೇಳಬ್ಯಾಡ, ಒಂದು ಪದರ ಹೆಚ್ಚಿಗೆ ಇಡು.
ಪೋಸ್ಟಾಫೀಸಿನ ಮೇಡಮ್ಮಿಗೆ ಒಂದು ಮೊಲೆ ತೆಗೆದಿದಾರೆ,
ಆ ಕಡೆ ಹತ್ತಿ ತುಂಬಿ ಹೊಲಿ,
ಅದಕ್ಕೆ ಕೂಲಿ ಕೇಳಬ್ಯಾಡ.
ಅವಳ ಪೆನ್ನು ನಿಂತಿತು.
ಅಕ್ಕಾ, ಇದನ್ನ ಹೋದ ವಾರಾನೂ ಹೇಳಿದ್ರಿ.
ಇರಲಿ, ಬರಕೋ.
ಎರಡು ಸಲ ಹೊಡೆದ ಹೊಲಿಗೆ ಬಿಚ್ಚಲ್ಲ.

ಕೋರ್ಟಿನ ಮುಂದೆ ನೋಟರಿ ಹತ್ರ ಮೂರು ಕಾಗದ.
ಅಂಗಡಿ ಮುಬೀನಾಗೆ. ಬ್ಯಾಂಕಿನ ವ್ಯವಹಾರ ವನಜಾಗೆ.
ಮೂರನೇದು ನಾನೇ ಬಾಯಿಬಿಟ್ಟು ಹೇಳಿ ಬರೆಸಿದ್ದು:
ನುಂಗೋದು ಮರೆತ ದಿನ
ಮೂಗಿಗೆ ನಳಿಗೆ ಇಕ್ಕಬ್ಯಾಡ್ರಿ,
ಬೆರಳಲ್ಲಿ ಒಂದಿಷ್ಟು ಬೆಣ್ಣೆ ತುಟಿಗೆ ಹಚ್ರಿ, ಸಾಕು.
ಬೆಣ್ಣೆ ಅನ್ನೋದು ಬಿಡ್ಲಾ ಅಂದ ನೋಟರಿ.
ಬಿಡಬ್ಯಾಡಪ್ಪ, ದಾವಣಗೆರೆಯೋಳು ನಾನು.

ರಾತ್ರಿ ಈಗ ಅವಳಿಗೆ ಹೊಲಿತಿದೀನಿ,
ಮುಂದೆ ಬರೋ ಕೊಟ್ರಮ್ಮಗೆ.
ಗುಂಡಿ ಇಲ್ಲ, ಹುಕ್ಕಿಲ್ಲ,
ಮುಂದೆ ತೆರೆಯೋ ನೈಟಿ, ಸಡಿಲ ತೋಳು,
ತೊಡಿಸೋರ ಕೈಗೆ ತ್ರಾಸಾಗಬಾರದು.
ಕತ್ತಿನ ಒಳಗಡೆ ಕೆಂಪು ದಾರದಲ್ಲಿ
ವನಜಾಳ ಫೋನ್ ನಂಬರು.
ಜೇಬು ಎರಡು.
ಅವಳು ಏನಾದ್ರೂ ಬಚ್ಚಿಡ್ತಾಳೆ, ಗೊತ್ತು.
ನಮ್ಮವ್ವ ನೂಲಿನುಂಡೆ ಬಚ್ಚಿಡ್ತಿದ್ಲು,
ಮಿಲ್ಲು ಮುಚ್ಚಿ ಹತ್ತು ವರ್ಷದ ಮೇಲೂ
ಸೈರನ್ ಆತು ಅಂತ ನಸುಕಿಗೇ ಎದ್ದು ಹೊರಡ್ತಿದ್ಲು.
ಮಿಲ್ಲು ಎಲ್ಲೈತವ್ವಾ ಅಂತ ರೇಗಿ ಬಾಗಿಲು ಹಾಕ್ತಿದ್ದೆ.
ಶಾಲು ಹೊದಿಸಿ
ಆ ತುಕ್ಕು ಹಿಡಿದ ಗೇಟಿನ ತನಕ
ಹೋಗಿ ಬರಬಹುದಿತ್ತು. ಎಷ್ಟು ದೂರ ಅದು.

ವನಜಾ, ಇದನ್ನ ಯಾವ ಕಾಗದದಲ್ಲೂ ಬರೆಸಿಲ್ಲ.
ಅಂಗಡಿ ತೆಗೀಬೇಕು ಅಂತ ನಾನು ಹೊರಟರೆ
ಚಪ್ಪಲಿ ಹಾಕ್ಕೊಂಡು ಜೊತೆಗೆ ಬಾ.
ನಾನು ಕಾಫಿಯೋಳು. ಅವಳು ಚಾ ಕೇಳಿದರೆ ಚಾ ಕೊಡು,
ನಿಂಗೆ ಚಾ ಸೇರಲ್ಲಲ್ಲವ್ವಾ ಅಂತ
ನನ್ನ ಸಾಕ್ಷಿ ಅವಳ ಮುಂದೆ ತರಬ್ಯಾಡ.
ಅವಳ ಮೈ ನಾನು ಅಳೆದಿಲ್ಲ.
ದಪ್ಪ ಆಗ್ತಾಳೋ, ಸೊರಗ್ತಾಳೋ,
ಈ ಹಸಿರು ಕಂಡರೆ ಕಿತ್ತೆಸೀತಾಳೋ.
ಅದಕ್ಕೇ ಎರಡೂ ಪಕ್ಕೆಗೆ
ಎರಡೆರಡು ಇಂಚು ಬಟ್ಟೆ ಒಳಗೆ ಬಿಟ್ಟಿದೀನಿ.
ಇಲ್ಲಿ ಮಾತ್ರ ಒಂದೇ ಹೊಲಿಗೆ, ಉದ್ದುದ್ದ,
ಉಗುರಲ್ಲಿ ಎಳೆದರೂ ಬಿಚ್ಚೋ ಹಂಗೆ.

ಸೂಜಿಗೆ ದಾರ ಪೋಣಿಸೋಕೆ ಇವತ್ತು ನಾಲ್ಕು ಸಲ ಆತು.
ಅದು ಕಣ್ಣಿಂದು, ಮರೆವಿಂದಲ್ಲ.
ಕನ್ನಡಕ ಎಲ್ಲಿಟ್ಟೆ ಅನ್ನೋದು
ಬೇರೆ ಮಾತು.